ಕಡಿಯಬೇಕಾದ ದಾರ

ಇದು ಶುರುವಾದದ್ದು ಎಂಬತ್ತೈದನೇ ಇಸವಿಯ ಮಾಗಿಯಲ್ಲಿ, ಮಸೀದಿಯ ಬೆಳಗಿನ ಕೂಗಿಗೂ ಮುಂಚೆ, ಶಿಡ್ಲಘಟ್ಟದ ಒಬ್ಬ ದರ್ಜಿಯ ಮನೆ ಬಾಗಿಲನ್ನು ಯಾರೋ ಬಡಿದಾಗ. ಈಗ ತೊಂಬತ್ತಾರರ ಮಾಗಿ. ಬಾಗಿಲು ಬಡಿದವರ ತಲೆ ನರೆತಿದೆ, ಬಾಗಿಲು ತೆಗೆದವರು ಹಾಸಿಗೆ ಹಿಡಿದಿದ್ದಾರೆ. ಹೊತ್ತು ಮಾತ್ರ ಅದೇ, ಚಳಿಯೂ ಅದೇ.

ಕೆಂಚಾರ್ಲಹಳ್ಳಿಯಿಂದ ಆಚೆ ಒಂದು ಕೆರೆ. ಅದು ಕೋಡಿ ಹರಿದದ್ದು ಊರಿನ ಹಿರಿಯರಿಗಷ್ಟೇ ನೆನಪು. ಆ ಕೆರೆಯಂಗಳದಲ್ಲಿ ವಜೀರುನ್ನೀಸಾ ಟಾರ್ಪಾಲಿನ ಮೇಲೆ ಮಂಡಿಯೂರಿ ಕೂತಿದ್ದಾರೆ. ಮೂಡಣ ಇನ್ನೂ ಬೂದಿ ಬಣ್ಣ. ಮುಂದೆ ಕಿತ್ತಳೆ, ಬಿಳಿ ಪಟ್ಟಿಗಳ ನೈಲಾನ್ ಬಟ್ಟೆ ಹರಡಿದೆ. ಇಂಜಿನಿಯರುಗಳು ಅದನ್ನು ಪ್ಯಾರಾಚೂಟ್ ಅನ್ನುತ್ತಾರೆ, ಈ ಸೀಮೆಯ ಜನ ಛತ್ರಿ ಅನ್ನುತ್ತಾರೆ. ವಜೀರುನ್ನೀಸಾ ಪಟ್ಟಿಯ ಮೇಲೆ ಪಟ್ಟಿ ಕೂರಿಸಿ, ಅಂಗೈಯಿಂದ ಒಳಗಿನ ಗಾಳಿ ಹಿಂಡಿ, ಪ್ರತಿ ಮಡಿಕೆಯ ಮೇಲೂ ಒಂದೊಂದು ಸಣ್ಣ ಬಟ್ಟೆಯ ಗಂಟು ಇಡುತ್ತಾರೆ. ಗಂಟಿನೊಳಗೆ ರಾಗಿ. ಮಡಿಕೆ ಮೇಲೇಳದಿರಲಿ ಅಂತ ಭಾರ. "ಮೊದ್ಲು ಕಲ್ಲಿಡ್ತಿದ್ವಿ ಸಾರ್. ಕಲ್ಲಿಗೆ ಮೂಲೆ ಇರ್ತದೆ, ಬಟ್ಟೆ ಹರೀತದೆ. ರಾಗಿಗೆ ಮೂಲೆ ಎಲ್ಲಿದೆ?" ಅಂತ ಬರೆದುಕೊಳ್ಳಲು ಬಂದವರಿಗೆ ಹೇಳುತ್ತಾರೆ, ಕೈ ನಿಲ್ಲಿಸದೆ.

ಹತ್ತು ಮಾರು ದೂರದಲ್ಲಿ ಕಬ್ಬಿಣದ ಕಂಬಿಯ ಮೇಲೆ ವಿಮಾನ ಕೂತಿದೆ. ರೆಕ್ಕೆಯ ಉದ್ದ ಎರಡು ಮಂಚ ಜೋಡಿಸಿದಷ್ಟು. ಒಳಗೆ ಯಾರೂ ಕೂರುವುದಿಲ್ಲ, ಕೂರಲು ಜಾಗವೂ ಇಲ್ಲ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಮೆಷಿನ್ನಿಗೆ ಇರುವಂಥದೇ ಒಂದು ಇಂಜಿನ್ನು. ದಪ್ಪ ರಬ್ಬರ್ ಹಗ್ಗ ಎಳೆದು ಬಿಟ್ಟರೆ ಕವಣೆ ಕಲ್ಲಿನ ಹಾಗೆ ಹಾರುತ್ತದೆ. ಆಮೇಲೆ ಗಾಳಿ ಎತ್ತ ತಳ್ಳಿದರೂ ರೆಕ್ಕೆ ನೇರ ಮಾಡಿಕೊಂಡು, ಹೇಳಿಕೊಟ್ಟ ಕಡೆ ತಾನೇ ತಿರುಗಿ, ಕೆರೆಯ ಮೇಲಕ್ಕೆ ವಾಪಸ್ ಬರಬೇಕು. ಅದನ್ನು ಕಲಿಸುವುದೇ ಇಲ್ಲಿ ನಡೆಯುತ್ತಿರುವ ಸಂಶೋಧನೆ. ಇಳಿಯಲು ಅದಕ್ಕೆ ಗಾಲಿ ಇಲ್ಲ. ಕೆರೆಯ ಮೇಲೆ ಬಂದಾಗ ಇಂಜಿನ್ನು ನಿಲ್ಲುತ್ತದೆ, ಛತ್ರಿ ತೆರೆಯುತ್ತದೆ, ತೊಟ್ಟಿಲು ಇಳಿಸಿದ ಹಾಗೆ ಇಳಿಯುತ್ತದೆ. ಛತ್ರಿ ತೆರೆಯದಿದ್ದರೆ ಏಳೆಂಟು ಜನರ ವರ್ಷದ ದುಡಿಮೆ ಕೆರೆಯ ಮಣ್ಣಿಗೆ.

ಏರಿಯ ಮೇಲಿಂದ ಮೇಕೆ ಹೊಡೆದುಕೊಂಡು ಆಂಜಿನಮ್ಮ ಇಳಿದು ಬರುತ್ತಾರೆ. ಪಕ್ಕದ ಹೊಲದವರು. ವಿಮಾನ ಹಾರುವ ದಿನ ಮೇಕೆಗಳಿಗೆ ಹಸಿವು ಬೇಗ ಆಗುತ್ತದೆ.

"ಏಮಮ್ಮಾ ಬೂಬಮ್ಮ, ಇವತ್ತು ನಿನ್ ಹದ್ದು ನೆಟ್ಟಗೆ ಇಳೀತದಾ, ಇಲ್ಲ ನಮ್ ಹುಲ್ಲಿನ ಮೆದೆ ಮೇಲೆ ಬೀಳ್ತದಾ?"

"ಮೊದ್ಲು ನಿನ್ ಹೋತ ಹಿಡ್ಕೋ ಆಂಜಿನಮ್ಮ. ಹೋದ್ ಸಲ ಛತ್ರಿ ಹುರಿ ಅಗಿದಿದ್ದು ಅದೇ ಅಲ್ವಾ?"

"ಅದಕ್ಕೇನ್ ಗೊತ್ತಮ್ಮ, ಪಾಪ. ಅದರ ಬಾಯಿಗೆ ನೈಲಾನೂ ಒಂದೇ ಹುಲ್ಲೂ ಒಂದೇ. ಟೀ ತಂದಿದೀನಿ, ಬಿಸಿ ಇದೆ, ತಗೋ."

"ರೋಜಾ ಕಣೇ."

"ಅಯ್ಯೋ, ಮರ್ತೇಬಿಟ್ಟೆ ನೋಡು. ಹಂಗಾದ್ರೆ ನಿನ್ ಪಾಲೂ ನಾನೇ ಕುಡೀತೀನಿ. ಬೈಕೋಬೇಡ."

ವಜೀರುನ್ನೀಸಾ ನಗುತ್ತಾರೆ. ರಂಜಾನ್ ತಿಂಗಳು. ಬೆಳಗಿನ ಜಾವ ಎದ್ದು, ಹಾಸಿಗೆ ಹಿಡಿದ ಗಂಡನಿಗೆ ಗಂಜಿ ಕಾಯಿಸಿಟ್ಟು, ತಾವು ಎರಡು ತುತ್ತು ಉಂಡು, ಶಿಡ್ಲಘಟ್ಟದಿಂದ ಜೀಪು ಹತ್ತಿದ್ದಾರೆ. ಇನ್ನು ಸಂಜೆಯವರೆಗೆ ನೀರೂ ಇಲ್ಲ.

ಮಡಿಕೆಗಳೆಲ್ಲ ಚೀಲದೊಳಗೆ ಸೇರಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಸೆರಗಿನ ತುದಿಯ ಗಂಟಿನಿಂದ ಬಿಳಿ ನೂಲಿನ ಉಂಡೆ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಸಾದಾ ಹತ್ತಿ ದಾರ. ಒಂದು ಗೇಣು ಹರಿದು, ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾರೆ. ಟಪ್. ಕಡಿಯಿತು. ತಲೆಯಾಡಿಸಿ, ಅದೇ ಉಂಡೆಯಿಂದ ಇನ್ನೊಂದು ಗೇಣು ತೆಗೆದು ಚೀಲದ ಬಾಯಿಗೆ ಕಟ್ಟುತ್ತಾರೆ. "ಒಂದೆಳೆ," ಅಂತ ಬಾಯಿಬಿಟ್ಟು ಹೇಳುತ್ತಾರೆ. ಯಾರಿಗೂ ಹೇಳಿದ್ದಲ್ಲ. ಗಂಟು ಹಾಕಿ, ಬೆರಳಿನಿಂದ ತಡವಿ, ಇನ್ನೊಂದು ಸಲ, "ಒಂದೇ ಎಳೆ."

ಆ ದಾರದ ಕಥೆ ಇಷ್ಟೆ. ಇಂಜಿನ್ನು ನಿಂತಾಗ ವಿಮಾನದ ಬೆನ್ನಿನ ಬಾಗಿಲು ತೆರೆದು ಮೊದಲು ಒಂದು ಮರಿ ಛತ್ರಿ ಹೊರಗೆ ಹಾರುತ್ತದೆ. ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡದು. ಅದು ಗಾಳಿ ತುಂಬಿಕೊಂಡು ಚೀಲವನ್ನು ಜಗ್ಗುತ್ತದೆ. ಜಗ್ಗಿದಾಗ ಚೀಲದ ಬಾಯಿಯ ದಾರ ಕಡಿಯಬೇಕು, ಕಡಿದರೆ ದೊಡ್ಡ ಛತ್ರಿ ಹೊರಗೆ ಬರುತ್ತದೆ. ಇಡೀ ವಿಮಾನದಲ್ಲಿ ಮಿಕ್ಕಿದ್ದನ್ನೆಲ್ಲ ಮುರಿಯಬಾರದು, ಹರಿಯಬಾರದು ಅಂತ ಮಾಡಿದ್ದಾರೆ. ಇದೊಂದು ಮಾತ್ರ ಕಡಿಯಲಿ ಅಂತಲೇ ಇರುವುದು.

ಶಿಡ್ಲಘಟ್ಟದವರಿಗೆ ಇದು ಹಿಡಿಸುವ ಮಾತಲ್ಲ. ವಜೀರುನ್ನೀಸಾ ಹುಟ್ಟಿದ್ದು ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ. ಕುದಿಯುವ ನೀರಿನ ಬಾಂಡಲಿಯ ಮುಂದೆ ಕೂತು, ಗೂಡಿನಿಂದ ಎಳೆ ಹಿಡಿದು ಚರಕಕ್ಕೆ ಕೊಡುವುದು ಮಾತು ಬರುವ ಮುಂಚೆ ಬಂದ ಕೆಲಸ. ಬೆರಳ ತುದಿಗಳು ಇವತ್ತಿಗೂ ಬೆಂದು ಬಿಳಿಚಿದ ಹಾಗಿವೆ. "ನಮ್ಮನೇಲಿ ಎಳೆ ಕಡಿದ್ರೆ ಅಮ್ಮಿ ಚರಕದ ಕಡೆ ನೋಡ್ತಿರ್ಲಿಲ್ಲ, ನನ್ ಕಡೆ ನೋಡೋರು. ಕಡಿದ ಎಳೆ ಕಂಡ್ರೆ ನನ್ ಕೈ ಈಗ್ಲೂ ತಾನೇ ಹೋಗಿ ಗಂಟಾಕ್ತದೆ. ನಿದ್ದೆಗಣ್ಣಲ್ಲೂ."

ಮದುವೆಯಾಗಿ ಬಂದದ್ದು ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಗೆ, ಸಾದಿಕ್ ಪಾಷಾ ಅವರ ಮನೆಗೆ. ಅವರು ದರ್ಜಿ. ಗೂಡಿನ ಚೀಲ, ಸ್ಕೂಲ್ ಮಕ್ಕಳ ಯೂನಿಫಾರ್ಮು ಎಲ್ಲ ಹೊಲಿಯುತ್ತಿದ್ದರು, ಆದರೆ ಸುತ್ತಿನ ಊರುಗಳಲ್ಲಿ ಹೆಸರು ಮಾಡಿದ್ದು ಶಾಮಿಯಾನಕ್ಕೆ. ಎಂಥ ಗಾಳಿಗೂ ಅವರ ಹೊಲಿಗೆ ಬಿಡುವುದಿಲ್ಲ ಅಂತ ಮದುವೆ ಮನೆಯವರು ಹುಡುಕಿಕೊಂಡು ಬರುತ್ತಿದ್ದರು. ಆ ಹೆಸರು ಕೇಳಿಯೇ ಚೆನ್ನರಾಯಪ್ಪ ಅವತ್ತು ಬಾಗಿಲು ಬಡಿದದ್ದು.

ಚೆನ್ನರಾಯಪ್ಪ ಗೌರಿಬಿದನೂರು ತಾಲ್ಲೂಕಿನವರು, ವಿದುರಾಶ್ವತ್ಥದ ಹತ್ತಿರದ ಹಳ್ಳಿ. ಗೋಡೆಗೆ ಬುದ್ಧನ ಪಟ ಹಾಕಿದ್ದ ಮನೆ, ಕೂಲಿಯಿಂದ ಓದಿಸಿದ ತಂದೆ, ಆ ಮನೆತನದಲ್ಲಿ ಇಂಜಿನಿಯರಿಂಗ್ ಓದಿದ ಮೊದಲಿಗ. ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಪೈಲಟ್ ಇಲ್ಲದ ವಿಮಾನ ತನ್ನನ್ನು ತಾನೇ ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ ಅನ್ನುವುದು ಅವರ ವಿಷಯ. ಮರ ಕಡಿಮೆ, ಬಯಲು ಜಾಸ್ತಿ ಅಂತ ತಮ್ಮ ಸೀಮೆಯ ಈ ಕೆರೆಯನ್ನು ಅವರೇ ಹುಡುಕಿದ್ದರು. ಹಿಂದಿನ ದಿನ ಛತ್ರಿ ಜಾಲಿ ಮುಳ್ಳಿಗೆ ಸಿಕ್ಕಿ ಹರಿದಿತ್ತು.

"ಸಾಬ್ರೇ, ಬೆಳಕು ಹರಿಯೋದ್ರೊಳಗೆ ಇದನ್ನ ಹೊಲ್ದುಕೊಡ್ತೀರಾ?" ಅಂದರಂತೆ.

ಸಾದಿಕ್ ಪಾಷಾ ಬಟ್ಟೆಯನ್ನು ಸೀಮೆಎಣ್ಣೆ ದೀಪಕ್ಕೆ ಹಿಡಿದು ನೋಡಿದರು. "ಯಾರ ಮದುವೆ ಶಾಮಿಯಾನ ಸಾರ್ ಇದು, ಇಷ್ಟು ತೆಳ್ಳಗೆ? ಗಂಡಿನ ಕಡೆಯವ್ರು ಜುಗ್ಗರಾ?"

ವಿಷಯ ತಿಳಿದ ಮೇಲೆ ಇನ್ನೊಂದು ಮಾತು ಅಂದರು: "ರೇಷ್ಮೆ ಊರಿಗೆ ಬಂದು ನೈಲಾನ್ ಹೊಲಿಸ್ತೀರಲ್ಲ ಸಾರ್. ನಮ್ಮಾವನೋರಿಗೆ ಗೊತ್ತಾದ್ರೆ ನನಗೆ ಊಟ ಹಾಕಲ್ಲ."

ಗಂಡ ಮೆಷಿನ್ ತುಳಿದರು, ಹೆಂಡತಿ ಬಟ್ಟೆ ಹಿಡಿದರು. ಅಂದಿನಿಂದ ಆ ತಂಡದ ಛತ್ರಿಗಳೆಲ್ಲ ಆ ಮನೆಯಲ್ಲೇ ಹುಟ್ಟಿದವು. ಮೊದಲು ಹರಿದದ್ದಕ್ಕೆ ತೇಪೆ, ಆಮೇಲೆ ಹೊಸದು, ಆಮೇಲೆ ಮಡಚಿ ಕಟ್ಟುವ ಕೆಲಸವೂ.

ಆ ಮೂರು ವರ್ಷ ಹಬ್ಬದ ಹಾಗಿತ್ತು ಅನ್ನುತ್ತಾರೆ ವಜೀರುನ್ನೀಸಾ. ಗಾಳಿಯಲ್ಲಿ ರೆಕ್ಕೆ ಹೇಗೆ ನಡೆದುಕೊಳ್ಳುತ್ತದೆ ನೋಡಲು ಚೆನ್ನರಾಯಪ್ಪ ಅದನ್ನು ಜೀಪಿನ ಮೇಲೆ ಕಟ್ಟಿ ಚಿಂತಾಮಣಿ ರಸ್ತೆಯಲ್ಲಿ ಬೆಳಗಾತ ಓಡಿಸುತ್ತಿದ್ದರು. ಹಿಂದೆ ಸಾದಿಕ್ ಪಾಷಾ ಟೋಪಿ ಹಿಡಿದುಕೊಂಡು ಕೂತಿರುತ್ತಿದ್ದರು. ಹಾಲಿನವರು ಸೈಕಲ್ ನಿಲ್ಲಿಸಿ, ಜೀಪಿಗೆ ರೆಕ್ಕೆ ಮೂಡಿದೆ ಅಂತ ಕೂಗುತ್ತಿದ್ದರು. ಒಂದು ದಿನ ಚೆನ್ನರಾಯಪ್ಪ ಅಂಗಡಿಯಲ್ಲಿ ಕೂತು ಅಂಗೈ ಮೇಲೆ ಬುಗುರಿ ಆಡಿಸಿ ತೋರಿಸಿದರು. "ನೋಡಿ ಸಾಬ್ರೇ, ಕೈ ಓರೆ ಮಾಡ್ತೀನಿ. ಬುಗುರಿ ಓರೆ ಆಗ್ತದಾ? ಇಲ್ಲ. ತಿರುಗೋವರ್ಗೂ ಅದರ ತಲೆ ನೆಟ್ಟಗೆ. ವಿಮಾನದೊಳಗೆ ಇಂಥದೊಂದು ಬುಗುರಿ ಇಟ್ಟಿದೀನಿ. ವಿಮಾನ ವಾಲಿದ್ರೆ, ನೀನು ವಾಲ್ತಿದೀಯ ಕಣಪ್ಪ ಅಂತ ಅದು ಹೇಳ್ತದೆ. ಹೇಳಿದ್ದನ್ನ ರೆಕ್ಕೆ ಕೇಳೋ ಹಂಗೆ ಮಾಡೋದೇ ನನ್ ಕೆಲ್ಸ."

"ನಮ್ ಮನೇಲೂ ಅಂಥ ಬುಗುರಿ ಇದೆ ಸಾರ್," ಅಂತ ಸಾದಿಕ್ ಪಾಷಾ ಹೆಂಡತಿಯ ಕಡೆ ಕಣ್ಣು ಮಾಡಿದರಂತೆ. "ಹೇಳ್ತಾನೇ ಇರ್ತದೆ. ನಾನೇ ಕೇಳಲ್ಲ."

ಎಂಬತ್ತೆಂಟರ ಫಾಲ್ಗುಣ ಬಂತು. ಬೇಸಿಗೆಯ ಸುಂಟರಗಾಳಿ ಏಳುವ ಮುಂಚಿನ ಕೊನೆಯ ದಿನಗಳು. ದೂರದಿಂದ ದೊಡ್ಡವರು ನೋಡಲು ಬರುತ್ತಾರೆ, ನೋಡಿ ಒಪ್ಪಿದರೆ ಕೆಲಸ ಮುಂದೆ ಹೋಗುತ್ತದೆ, ಇಲ್ಲವಾದರೆ ಅಲ್ಲಿಗೆ ನಿಲ್ಲುತ್ತದೆ ಅಂತ ಚೆನ್ನರಾಯಪ್ಪ ಹೇಳಿದ್ದರು. ಅವತ್ತು ಛತ್ರಿಯನ್ನು ಹೆಂಡತಿಗೂ ಮುಟ್ಟಲು ಬಿಡದೆ ಸಾದಿಕ್ ಪಾಷಾ ತಾವೇ ಮಡಚಿದರು, ತಾವೇ ಕಟ್ಟಿದರು.

ಇಲ್ಲಿ ಅವರ ಮನೆಯ ಒಂದು ಪದ್ಧತಿ ಹೇಳಬೇಕು. ಸಾದಿಕ್ ಪಾಷಾ ಅವರ ತಾಯಿ ಹಳೆಯ ಕಾಲದ ಹೆಂಗಸು. ದೂರ ಹೋಗುವವರ ಬಟ್ಟೆಗೆ ಕೊನೆಯ ಗಂಟನ್ನು ಅವರು ಒಂಟಿ ದಾರದಲ್ಲಿ ಹಾಕುತ್ತಿರಲಿಲ್ಲ. ಹಜ್‌ಗೆ ಹೊರಟವರಿರಲಿ, ಗಂಡನ ಮನೆಗೆ ಹೊರಟ ಮಗಳಿರಲಿ, ಎರಡೆಳೆ ಸೇರಿಸಿಯೇ ಗಂಟು. ಒಂಟಿ ದಾರ ದಾರಿಯಲ್ಲಿ ಕೈಬಿಡುತ್ತದೆ, ಜೋಡಿ ದಾರ ಮನೆಗೆ ಕರೆದುಕೊಂಡು ಬರುತ್ತದೆ ಅನ್ನುತ್ತಿದ್ದರು. ಸಾದಿಕ್ ಪಾಷಾ ಅದನ್ನು ಎಂದೂ ತಪ್ಪಿಸಿದವರಲ್ಲ. ಆದರೂ ವಿಮಾನದ ಚೀಲಕ್ಕೆ ಮಾತ್ರ ಹೇಳಿದ ಹಾಗೆ ಒಂದೆಳೆಯನ್ನೇ ಕಟ್ಟುತ್ತಿದ್ದರು, ಅದು ಕಣ್ಣ ಮುಂದೆಯೇ ಕೆರೆ ಸುತ್ತಿ ಇಳಿಯುತ್ತಿತ್ತಲ್ಲ. ಅವತ್ತು ಹಾಗಲ್ಲ. ಅದು ಮೊದಲ ಬಾರಿಗೆ ಗುಡ್ಡ ದಾಟಿ, ಕಣ್ಣಿಗೆ ಕಾಣದಷ್ಟು ದೂರ ಹೋಗಿ ವಾಪಸ್ ಬರಬೇಕಿತ್ತು.

ವಜೀರುನ್ನೀಸಾ ಏರಿಯ ಮೇಲೆ ಊರಿನ ಹೆಂಗಸರ ಜೊತೆ ನಿಂತಿದ್ದರು. ವಿಮಾನ ಹಾರಿತು, ಗುಡ್ಡದ ಹಿಂದೆ ಮರೆಯಾಯಿತು. ಸದ್ದೂ ನಿಂತುಹೋಯಿತು. ಕೋಟು ತೊಟ್ಟ ದೊಡ್ಡವರು ಗಡಿಯಾರ ನೋಡಿಕೊಂಡರು. ಚೆನ್ನರಾಯಪ್ಪ ಕಡ್ಡಿ ಇರುವ ರೇಡಿಯೋ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ತಾನು ಆಡಿಸುತ್ತಿಲ್ಲ, ಅದೇ ಬರುತ್ತದೆ ಅಂತ ತೋರಿಸಲಿಕ್ಕೆ. ಕೊನೆಗೆ ಆಂಜಿನಮ್ಮನೇ ಮೊದಲು ಕಂಡದ್ದು. "ಅದ್ಗೋ! ವಚ್ಚಿಂದಿ! ಬಂತು!" ಅಂತ ಕೂಗಿದರು. ಅಡ್ಡಗಾಳಿ ಬೀಸುತ್ತಿತ್ತು. ಆದರೂ ಅದು ಗೆರೆ ಎಳೆದ ಹಾಗೆ ಬಂತು, ಕೆರೆಯ ನಡುಮಧ್ಯಕ್ಕೆ. ದೊಡ್ಡವರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇಂಜಿನ್ನು ನಿಂತಿತು. ಮರಿ ಛತ್ರಿ ಹೊರಗೆ ಬಂತು. ಅದು ಚೀಲವನ್ನು ಜಗ್ಗಿತು, ಜಗ್ಗಿತು.

ದಾರ ಕಡಿಯಲಿಲ್ಲ.

"ನೆಲಕ್ಕೆ ಬಡಿದ ಸದ್ದು ನಾನಿದ್ದ ಏರಿಗೆ ಬರೋಕೆ ಒಂದ್ ಉಸಿರು ತಡ ಆಯ್ತು ಸಾರ್. ಆ ಒಂದ್ ಉಸಿರು ಈಗ್ಲೂ ಎದೇಲೇ ಇದೆ."

ಮೊದಲು ಓಡಿ ತಲುಪಿದವರು ಇಬ್ಬರು, ಚೆನ್ನರಾಯಪ್ಪ ಮತ್ತು ಸಾದಿಕ್ ಪಾಷಾ. ರೆಕ್ಕೆ ಚೂರಾಗಿತ್ತು, ಮೂತಿ ಮಣ್ಣಿನೊಳಗೆ. ಚೀಲ ಮಾತ್ರ ಕಟ್ಟಿದ ಹಾಗೇ ಇತ್ತು. ಬಾಯಿಗೆ ಎರಡೆಳೆ. ಚೆನ್ನರಾಯಪ್ಪ ದಾರ ನೋಡಿದರು, ತಲೆಯೆತ್ತಿ ಸಾದಿಕ್ ಪಾಷಾ ಅವರನ್ನು ನೋಡಿದರು.

"ದೂರ ಹೋಗೋದಲ್ವಾ ಸಾರ್," ಅಂದರು ಸಾದಿಕ್ ಪಾಷಾ. "ಮನೆಗೆ ಬರ್ಲಿ ಅಂತ ಎರಡೆಳೆ ಹಾಕಿದ್ದೆ."

ದೊಡ್ಡವರು ಕೆರೆಯಂಗಳದ ಬಿರುಕು ದಾಟಿಕೊಂಡು ಇನ್ನೂ ನಡೆದು ಬರುತ್ತಿದ್ದರು. ಚೆನ್ನರಾಯಪ್ಪ ಬಗ್ಗಿ ಆ ದಾರವನ್ನು ಬೆರಳಿಗೆ ಸುತ್ತಿಕೊಂಡು ಎಳೆದರು. ಬೆರಳು ಕುಯ್ದು ರಕ್ತ ಬಂತು, ದಾರವೂ ಕಡಿಯಿತು. ಅದನ್ನು ಮುದುರಿ ಜೇಬಿಗೆ ಹಾಕಿದರು. ಏನಾಯಿತು ಅಂತ ಬಂದವರು ಕೇಳಿದಾಗ, "ನನ್ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಸಾರ್," ಅಂದರು. ಹಾಗಾದರೆ ಮೂರು ವರ್ಷ ಮಾಡಿದ್ದೇನು ಅಂತ ಅವರಲ್ಲೊಬ್ಬರು ಕೇಳಿದರು. ಚೆನ್ನರಾಯಪ್ಪ ಬಗ್ಗಿ ರೆಕ್ಕೆಯ ಚೂರು ಆಯತೊಡಗಿದರು.

ಆ ಬೇಸಿಗೆಯಲ್ಲೇ ಕೆಲಸ ನಿಂತುಹೋಯಿತು. ಚೆನ್ನರಾಯಪ್ಪ ಬೆಂಗಳೂರು ಬಿಟ್ಟು ಚಿಕ್ಕಬಳ್ಳಾಪುರದಲ್ಲಿ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುವ ಕೆಲಸ ಹಿಡಿದರು. ಗುಡ್ಡ ದಾಟಿ ಗೆರೆಯ ಮೇಲೆ ವಾಪಸ್ ಬಂದ ಆ ಹಾರಾಟದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬಿದ್ದದ್ದು ಎಲ್ಲರಿಗೂ ನೆನಪಿತ್ತು.

ಇತ್ತ ಸಾದಿಕ್ ಪಾಷಾ ಸೂಜಿ ಕೆಳಗಿಟ್ಟರು. ಯಾರೂ ಬಿಡಿ ಅನ್ನಲಿಲ್ಲ. ಒಂದು ಶ್ರಾವಣದ ಮದುವೆಗೆ ಶಾಮಿಯಾನ ಕೇಳಲು ಬಂದವರಿಗೆ, ಕಣ್ಣು ಮಂಜಾಗಿದೆ ಅಂತ ಹೇಳಿ ಕಳಿಸಿದರು. ಕಣ್ಣು ಚೆನ್ನಾಗಿಯೇ ಇತ್ತು. ಮಾರುಕಟ್ಟೆಯಲ್ಲಿ ಗೂಡಿನ ಚೀಲ ಹೊರುವ ಕೆಲಸಕ್ಕೆ ಹೋದರು. ಆ ಧೂಳಿಗೆ ದಮ್ಮು ಅಂಟಿಕೊಂಡಿತು. ಮೆಷಿನ್ನಿನ ಮುಂದೆ ವಜೀರುನ್ನೀಸಾ ಕೂತರು. "ಮನೆ ನಡೀಬೇಕಲ್ಲ ಸಾರ್. ಅವರು ತುಳಿದು ತುಳಿದು ಸವೆಸಿದ ಪೆಡಲು. ನನ್ ಪಾದ ಅದರೊಳಗೆ ಕೂರೋಕೆ ಎಷ್ಟೋ ದಿನ ಬೇಕಾಯ್ತು."

ತೊಂಬತ್ನಾಲ್ಕರಲ್ಲಿ ಬೇರೆ ತಂಡ, ಬೇರೆ ಕೇಂದ್ರ, ಅದೇ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿತು. ಹುಡುಗರು ಹೊಸಬರು. ವಿಮಾನದೊಳಗೆ ಈಗ ಬುಗುರಿಯ ಜೊತೆಗೆ ಒಂದು ಸಣ್ಣ ಕಂಪ್ಯೂಟರೂ ಇದೆ. ಸಲಹೆಗೆ ಅಂತ ಚೆನ್ನರಾಯಪ್ಪ ಅವರನ್ನು ಕರೆದರು. ಅವರು ಒಪ್ಪಿದರು, ಒಂದು ಮಾತು ಹೇಳಿ: ಛತ್ರಿ ಶಿಡ್ಲಘಟ್ಟದಲ್ಲೇ ಹೊಲಿಯಬೇಕು.

ಅದನ್ನು ಕೇಳಿಕೊಳ್ಳಲು ಅವರು ದರ್ಜಿಯ ಮನೆಗೆ ಬಂದಾಗ ಸಾದಿಕ್ ಪಾಷಾ ಗೋಡೆಯ ಕಡೆ ತಿರುಗಿ ಮಲಗಿದ್ದರು. ಚೆನ್ನರಾಯಪ್ಪ ಹೊಸ್ತಿಲ ಮೇಲೆ ಕೂತು ವಜೀರುನ್ನೀಸಾ ಅವರಿಗೆ ದಾರದ ವಿಚಾರ ಮೊದಲಿಂದ ಹೇಳಿದರು. ಒಂದು ಚೀಲ ತರಿಸಿ, ಒಂದೆಳೆ ಕಟ್ಟಿ, ಮರಿ ಛತ್ರಿ ಎಷ್ಟು ಜೋರಾಗಿ ಎಳೆಯುತ್ತದೋ ಅಷ್ಟೇ ಜೋರಾಗಿ ಕೈಯಿಂದ ಎಳೆದು ತೋರಿಸಿದರು. ಆಮೇಲೆ ಎರಡೆಳೆ ಕಟ್ಟಿ ಎಳೆದರು. ಮಾತೆಲ್ಲ ಹೆಂಡತಿಗೆ, ಆದರೆ ದನಿ ಒಳಗೆ ಮಲಗಿದವರಿಗೂ ಕೇಳುವಷ್ಟು.

ಈಗ ಕೆರೆಯಂಗಳದಲ್ಲಿ ಮಫ್ಲರ್ ಸುತ್ತಿಕೊಂಡು ನಿಂತ ಚೆನ್ನರಾಯಪ್ಪ ಅವರನ್ನು ಅದರ ಬಗ್ಗೆ ಕೇಳಿದರೆ, ನರೆತ ಗಡ್ಡ ಕೆರೆದುಕೊಳ್ಳುತ್ತಾರೆ. "ಬರ್ಕೊಳ್ಳಿ, ಪರವಾಗಿಲ್ಲ. ಸಾಬ್ರೂ ಬರೀಲಿ ಅಂದಿದಾರೆ. ಅವತ್ತು ನಾನು ಹೇಳಿದ್ದು ಸುಳ್ಳೇನಲ್ಲ. ಒಂದೆಳೆ ಹಾಕಿ ಅಂತ ಮೂರು ವರ್ಷ ಹೇಳಿದ್ದೆ. ಯಾಕೆ ಒಂದೆಳೆ ಅಂತ ಒಂದು ದಿನಾನೂ ಹೇಳಿರ್ಲಿಲ್ಲ. ಗಾಳಿಗೆ ಲೆಕ್ಕ ಹಾಕ್ದೆ, ಭಾರಕ್ಕೆ ಲೆಕ್ಕ ಹಾಕ್ದೆ. ಒಬ್ಬ ಮನುಷ್ಯ ತನ್ನ ವಸ್ತು ಮನೆಗೆ ಬರ್ಲಿ ಅಂತ ಆಸೆ ಪಡ್ತಾನೆ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳಿಲ್ಲ. ಆಮೇಲೆ, ಆ ಕೋಟಿನವರ ಬಾಯಲ್ಲಿ ಸಾಬ್ರ ಹೆಸರು ಬರೋದು ನನಗೆ ಬೇಡವಾಗಿತ್ತು."

ಹೊತ್ತು ಮೂಡುವುದಕ್ಕೆ ಸರಿಯಾಗಿ ಇಂಜಿನ್ನು ಕೆಮ್ಮಿ ಶುರುವಾಗುತ್ತದೆ. ರಬ್ಬರ್ ಹಗ್ಗ ಬಿಟ್ಟ ಏಟಿಗೆ ವಿಮಾನ ಕಂಬಿ ಬಿಟ್ಟು ಮೇಲೇಳುತ್ತದೆ. ಹುಡುಗರೆಲ್ಲ ಆಕಾಶ ನೋಡುತ್ತಾರೆ, ಆಂಜಿನಮ್ಮ ನೋಡುತ್ತಾರೆ, ಮೇಕೆಗಳೂ ತಲೆಯೆತ್ತುತ್ತವೆ. ವಜೀರುನ್ನೀಸಾ ಒಬ್ಬರೇ ನೆಲ ನೋಡುತ್ತಾ ರಾಗಿ ಗಂಟುಗಳನ್ನು ಬುಟ್ಟಿಗೆ ತುಂಬುತ್ತಾರೆ. ತಾವೇ ಕಟ್ಟಿದ ಛತ್ರಿ ತೆರೆಯುವುದನ್ನು ಅವರು ಇವತ್ತಿನವರೆಗೆ ಕಣ್ಣಾರೆ ನೋಡಿಲ್ಲ. "ನೋಡೋಕಾಗಲ್ಲ ಸಾರ್. ಕಿವಿ ಸಾಕು."

ಸದ್ದು ದೂರ ಹೋಗುತ್ತದೆ, ಅಳಿಯುತ್ತದೆ, ಬಹಳ ಹೊತ್ತಿನ ಮೇಲೆ ಸೊಳ್ಳೆಯಷ್ಟಾಗಿ ಮತ್ತೆ ಕೇಳುತ್ತದೆ. ತಲೆಯ ಮೇಲೆ ಬಂದು ನಿಲ್ಲುತ್ತದೆ. ಬುಟ್ಟಿಯ ಮೇಲಿನ ಕೈಯೂ ನಿಲ್ಲುತ್ತದೆ. ತುಟಿ ಅಲ್ಲಾಡುತ್ತದೆ. ಆಮೇಲೆ ಒದ್ದೆ ಬಟ್ಟೆಯನ್ನು ಜೋರಾಗಿ ಕೊಡವಿದ ಹಾಗೆ ಮೇಲಿಂದ ಒಂದು ಸದ್ದು: ಫಟ್.

"ಕಡೀತು," ಅನ್ನುತ್ತಾರೆ ವಜೀರುನ್ನೀಸಾ. ಕೈ ಮತ್ತೆ ರಾಗಿ ಗಂಟಿಗೆ ಹೋಗುತ್ತದೆ.

ಈ ತಂಡ ಬಂದ ಮೇಲೆ ಮಳೆಗಾಲ ಬಿಟ್ಟು ಮಿಕ್ಕ ತಿಂಗಳಲ್ಲಿ ವಾರಕ್ಕೊಂದು, ಕೆಲವು ವಾರ ಎರಡು ಹಾರಾಟ. ಮಡಚಲು ಒಂದು ಗಂಟೆ, ಹರಿದಿದ್ದರೆ ಹೊಲಿಯಲು ಇಡೀ ದಿನ. ಮಿಕ್ಕ ಹೊತ್ತು ಗೂಡಿನ ಚೀಲ, ಯೂನಿಫಾರ್ಮು. ಹಾರಾಟದ ಫೋಟೋ ತೆಗೆಯುವಾಗ ಅವರನ್ನು ಯಾರೂ ಕರೆಯುವುದಿಲ್ಲ, ಅವರೂ ಹೋಗುವುದಿಲ್ಲ. ಜೀಪಿನ ನೆರಳಲ್ಲಿ ಕೂತಿರುತ್ತಾರೆ. ಮನೆಗೆ ಹೋಗುವ ಅವಸರ ಅವರಿಗೆ.

ಯಾಕೆಂದರೆ ಮನೆಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ. ಜೀಪಿನ ಸದ್ದು ಬೀದಿಗೆ ತಿರುಗಿದ ಕೂಡಲೇ ಸಾದಿಕ್ ಪಾಷಾ ದಿಂಬಿಗೆ ಒರಗಿ ಎದ್ದು ಕೂರುತ್ತಾರೆ. ವಿಮಾನ ಎಷ್ಟು ದೂರ ಹೋಯಿತು, ಗಾಳಿ ಹೇಗಿತ್ತು, ಏನೂ ಕೇಳುವುದಿಲ್ಲ. ಮನೆಯ ಮಾತು ಉರ್ದು. ಕೇಳುವುದು ಒಂದೇ ಮಾತು.

"ಟೂಟಾ?" ಕಡೀತಾ ಅಂತ.

"ಟೂಟಾ," ಅನ್ನುತ್ತಾರೆ ಹೆಂಡತಿ. ಅಷ್ಟು ಕೇಳಿದ ಮೇಲೆ ಅವರು ಮಲಗುತ್ತಾರೆ.

ಎಂಟು ವರ್ಷದಲ್ಲಿ ಅವರು ಕೆರೆಯ ಕಡೆ ತಲೆ ಹಾಕಿಲ್ಲ. ಚೆನ್ನರಾಯಪ್ಪ ಬಂದು ಕರೆದರು, ಒಡಹುಟ್ಟಿದ ತಮ್ಮ ಲಾಲ್ ಬಾಷಾ ಎತ್ತಿಕೊಂಡು ಹೋಗುತ್ತೇನೆ ಅಂದರು, ಬರಲಿಲ್ಲ. ಆದರೆ ಇವತ್ತು, ಕಡಿದ ಸುದ್ದಿ ಕೇಳಿ ಮಲಗಿದವರು ಮತ್ತೆ ಎದ್ದು ಕೂತರು. ಕೆಮ್ಮು ನಿಲ್ಲುವವರೆಗೆ ಕಾದು, "ಹಬ್ಬ ಕಳೀಲಿ. ಮುಂದಿನ ಸಲ ನಾನೂ ಬರ್ತೀನಿ," ಅಂದರು. "ನೀನು ನೆಲ ನೋಡು. ನಾನು ಮೇಲೆ ನೋಡ್ತೀನಿ. ಇಬ್ಬರಲ್ಲಿ ಒಬ್ರಾದ್ರೂ ನೋಡ್ಬೇಕಲ್ಲ."

ವಜೀರುನ್ನೀಸಾ ಅವರಿಗೆ ಇನ್ನೇನು ಆಸೆ ಅಂತ ಕೇಳಿದರೆ ಅದನ್ನೇ ಹೇಳುತ್ತಾರೆ. "ಒಂದ್ಸಲ ಅವರನ್ನ ಕೆರೆ ಹತ್ರ ಕೂರಿಸ್ಬೇಕು ಸಾರ್. ನಾನು ಕಟ್ಟಿದ್ದೆಲ್ಲ ಕಡಿದಿದೆ. ಒಂದೂ ಉಳಿದಿಲ್ಲ. ಅದನ್ನ ಅವರ ಕಣ್ಣಿಗೆ ತೋರಿಸ್ಬೇಕು, ಅಷ್ಟೇ."

ಹಬ್ಬ ಬಂತು, ಹೋಯಿತು. ಮುಂದಿನ ಹಾರಾಟ ಗುರುವಾರಕ್ಕೆ ಗೊತ್ತಾಗಿತ್ತು. ಸಾದಿಕ್ ಪಾಷಾ ಪೆಟ್ಟಿಗೆಯಿಂದ ಹಳೆಯ ಸ್ವೆಟರ್ ತೆಗೆಸಿ ಬಿಸಿಲಿಗೆ ಹಾಕಿಸಿದ್ದರು. ಜೀಪಿನಲ್ಲಿ ಮುಂದಿನ ಸೀಟು ಅವರಿಗೆ ಅಂತ ಚೆನ್ನರಾಯಪ್ಪ ಹೇಳಿ ಕಳಿಸಿದ್ದರು. ಸ್ವೆಟರ್ ಮಾತ್ರ ಹಗ್ಗದ ಮೇಲೇ ಉಳಿಯಿತು.

ಹೆಣಕ್ಕೆ ಸುತ್ತುವ ಕಫನ್ ಬಟ್ಟೆಗೆ ಹೊಲಿಗೆ ಇಲ್ಲ. ಬಿಳಿ ಬಟ್ಟೆ ಸುತ್ತಿ, ತಲೆಯ ಹತ್ತಿರ, ನಡುವಿಗೆ, ಪಾದದ ಹತ್ತಿರ ಪಟ್ಟಿಯಿಂದ ಕಟ್ಟುತ್ತಾರೆ. ಗೋರಿಯೊಳಗೆ ಮಲಗಿಸಿದ ಮೇಲೆ ಆ ಕಟ್ಟು ಬಿಚ್ಚುತ್ತಾರೆ. ಪಟ್ಟಿಗಳನ್ನು ವಜೀರುನ್ನೀಸಾ ತಾವೇ ಹರಿದುಕೊಟ್ಟರು. ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಅವರು ಒಳಮನೆಯಲ್ಲಿ ಕೂತಿದ್ದರು. ಮಣ್ಣು ಹಾಕಿ ವಾಪಸ್ ಬಂದ ಗಂಡಸರಲ್ಲಿ ಚೆನ್ನರಾಯಪ್ಪ ಬೀದಿಯಲ್ಲೇ ನಿಂತರು, ಲಾಲ್ ಬಾಷಾ ಒಳಗೆ ಬಂದು ಹೊಸ್ತಿಲ ಹತ್ತಿರ ಕೂತರು. ಕೈಗೆ ಇನ್ನೂ ಕೆಮ್ಮಣ್ಣು ಮೆತ್ತಿತ್ತು. ಅತ್ತಿಗೆ ಅಳುತ್ತಾರೆ ಅಂತ ಎಲ್ಲರೂ ಕಾದರು.

"ಕಟ್ಟು ಬಿಚ್ಚಿದ್ರಾ?" ಅಂತ ಕೇಳಿದರು ವಜೀರುನ್ನೀಸಾ.

"ಬಿಚ್ಚಿದ್ವಿ ಭಾಭಿ. ಮೂರೂ."

"ಗಂಟು ಬಿಗಿಯಾಗಿತ್ತಾ?"

"ಇಲ್ಲ ಭಾಭಿ. ಎಳೀತಿದ್ದಂಗೇ ಬಂತು."

ಅವರು ತಲೆಯಾಡಿಸಿದರು.

ಸಾದಿಕ್ ಪಾಷಾ ಹೋದದ್ದು ಹಬ್ಬ ಕಳೆದ ಮಂಗಳವಾರ, ಬೆಳಗಿನ ಕೂಗಿಗೂ ಮುಂಚೆ.